ವಿಷಯ: ರಷ್ಯನ್ ಬಲ್ಲವರಿಗೆ ಉಕ್ರೇನಿಯನ್ ಅನುವಾದ ಏಕೆ ಬೇಕಿತ್ತು?

ಹತ್ತೊಂಬತ್ತನೆಯ ಶತಮಾನದಲ್ಲಿ ಉಕ್ರೇನಿಯನ್ನರಿಗೆ ರಷ್ಯನ್ ಅರ್ಥವಾಗುತ್ತಿದ್ದರೆ ಪ್ರತ್ಯೇಕ ಅನುವಾದಗಳ ಅಗತ್ಯವೇನಿತ್ತು ಎಂದು ಕೇಳಿದ್ದೀರಿ. ಇದೇ ಪ್ರಶ್ನೆಯನ್ನು ಆಗ ಉಕ್ರೇನಿನ ಬಹುಭಾಗವನ್ನು ಆಳುತ್ತಿದ್ದ ರಷ್ಯಾದ ತ್ಸಾರ್ (ಚಕ್ರವರ್ತಿ) ಸರ್ಕಾರವೂ ಎತ್ತಿತ್ತು. ಆದರೆ ಉತ್ತರಕ್ಕೆ ಕಾಯಲಿಲ್ಲ.

ಫಿಲಿಪ್ ಮೊರಾಚೆವ್ಸ್ಕಿ ಬೈಬಲಿನ ಸುವಾರ್ತೆಗಳನ್ನು ಉಕ್ರೇನಿಯನ್ನಿಗೆ ತಂದಾಗ ರಷ್ಯಾದ ವಿಜ್ಞಾನ ಅಕಾಡೆಮಿಯ ವಿದ್ವಾಂಸರು ಮೆಚ್ಚಿದರು. ಆದರೂ 1863ರಲ್ಲಿ ಒಳಾಡಳಿತ ಸಚಿವ ವಲುಯೆವ್, ಅಂಥದೊಂದು ಪ್ರತ್ಯೇಕ ಭಾಷೆ ಇರಲಿಲ್ಲ, ಇಲ್ಲ, ಇರಲಾರದು ಎಂಬ ವಾದವನ್ನು ಮುಂದಿಟ್ಟು, ಆ ಭಾಷೆಯ ಧಾರ್ಮಿಕ ಮತ್ತು ಶೈಕ್ಷಣಿಕ ಪುಸ್ತಕಗಳ ಮುದ್ರಣವನ್ನು ತಡೆದರು. 1876ರಲ್ಲಿ ತ್ಸಾರ್ ಎರಡನೇ ಅಲೆಕ್ಸಾಂಡರ್ ಹೊರಡಿಸಿದ ಎಮ್ಸ್ ಆಜ್ಞೆಯಂತೂ ಅನುವಾದಗಳನ್ನು ಹೆಸರಿಸಿಯೇ ನಿರ್ಬಂಧಿಸಿತು. ಇಲ್ಲದ ಭಾಷೆಗೆ ಇಷ್ಟೊಂದು ಕಾವಲೇಕೆ ಎಂಬ ಅನುಮಾನ ಸಹಜವೇ. ಭಾಷೆಯೊಂದು ಷೇಕ್ಸ್‌ಪಿಯರನನ್ನೂ ಬೈಬಲನ್ನೂ ಹೊರಬಲ್ಲದೆಂದು ಸಾಬೀತಾದರೆ ಅದನ್ನು ಹಳ್ಳಿಯ ಆಡುನುಡಿ ಎಂದು ಬದಿಗೆ ಸರಿಸುವುದು ಕಷ್ಟವಾಗುತ್ತಿತ್ತು ಎಂಬುದೇ, ನನ್ನ ದೃಷ್ಟಿಯಲ್ಲಿ, ಈ ಆತಂಕದ ಮೂಲ.

ಹೀಗಾಗಿಯೇ ಉಕ್ರೇನಿಯನ್ ಲೇಖಕ ಪಾಂತೆಲೈಮೊನ್ ಕುಲಿಶ್ ಮಾಡಿದ ಷೇಕ್ಸ್‌ಪಿಯರ್ ಅನುವಾದಗಳ ಮೊದಲ ಸಂಪುಟ 1882ರಲ್ಲಿ ಅಚ್ಚಾದದ್ದು ಈ ನಿರ್ಬಂಧ ತಟ್ಟದ, ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ ಲ್ವಿವ್ ನಗರದಲ್ಲಿ. ಅವರ ಬೈಬಲ್ ಹಸ್ತಪ್ರತಿ ಬೆಂಕಿಗೆ ಆಹುತಿಯಾಯಿತು. ಮತ್ತೆ ಆರಂಭಿಸಿದ ಅವರು 1897ರಲ್ಲಿ ತೀರಿಕೊಂಡರು. ಉಳಿದುದನ್ನು ಕಾದಂಬರಿಕಾರ ನೆಚುಯ್-ಲೆವಿತ್ಸ್ಕಿ ಮತ್ತು ಇವಾನ್ ಪುಲುಯ್ (ವೃತ್ತಿಯಿಂದ ಭೌತವಿಜ್ಞಾನಿ!) ಪೂರೈಸಿದ ಮೇಲೆ, ಪೂರ್ಣ ಬೈಬಲ್ 1903ರಲ್ಲಿ ವಿಯೆನ್ನಾದಲ್ಲಿ ಪ್ರಕಟವಾಯಿತು.