ಮೂರನೇ ಅವಧಿ ಬೇಡವೆಂದವರು ಯಾರು? ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಪತ್ರದ ಸಾರ: "ಆಫ್ರಿಕಾದ ಜಾಂಬಿಯಾ ದೇಶದ ಅಧ್ಯಕ್ಷ ಫ್ರೆಡರಿಕ್ ಚಿಲುಬಾ ಮೂರನೇ ಬಾರಿ ಸ್ಪರ್ಧಿಸದಂತೆ 2001ರಲ್ಲಿ ತಡೆದ ಚಳವಳಿಯನ್ನು ನೀವು ಮೆಚ್ಚಿ ಬರೆದಿದ್ದೀರಿ. ಜನರೇ ಮತ ಹಾಕಿ ಆರಿಸುವುದಾದರೆ, ಎರಡು ಅವಧಿ ಮುಗಿಯಿತೆಂಬ ಒಂದೇ ಕಾರಣಕ್ಕೆ ನಾಯಕನನ್ನು ಮನೆಗೆ ಕಳಿಸುವುದು ಯಾವ ಪ್ರಜಾಪ್ರಭುತ್ವ? ಚುನಾವಣೆಯಲ್ಲಿ ಗೆಲ್ಲಲಾಗದ ಪ್ರತಿಪಕ್ಷಗಳು ಸಂವಿಧಾನದ ಮರೆಯಲ್ಲಿ ನಿಂತು ಸಾಧಿಸಿಕೊಂಡ ಗೆಲುವಲ್ಲವೇ ಇದು? ನಮ್ಮ ದೇಶದಲ್ಲಿ ಪ್ರಧಾನಿಗಾಗಲೀ ಮುಖ್ಯಮಂತ್ರಿಗಾಗಲೀ ಇಂಥ ಮಿತಿ ಇಲ್ಲ. ಅಷ್ಟಕ್ಕೂ ಚಿಲುಬಾ ಬಿಟ್ಟರೆ ಅಲ್ಲಿ ಬೇರೆ ಯಾರಿದ್ದರು?" (ದಾವಣಗೆರೆಯ ಓದುಗರೊಬ್ಬರು)

ಪ್ರಿಯ ಓದುಗರೇ,

ನಿಮ್ಮ ಪತ್ರವನ್ನು ಎರಡು ಮೂರು ಬಾರಿ ಓದಿದೆ. ಪ್ರಶ್ನೆಗಳು ನೇರವಾಗಿವೆ, ಅವನ್ನು ನಾಲ್ಕು ಸಾಲಿನಲ್ಲಿ ಮುಗಿಸಿಬಿಡುವುದು ನಿಮಗೂ ವಿಷಯಕ್ಕೂ ಮಾಡುವ ಅನ್ಯಾಯವಾದೀತು. ನಿಮ್ಮ ಮುಖ್ಯ ವಾದವನ್ನು ನಾನು ಒಪ್ಪುವುದಿಲ್ಲ. ಆದರೆ ಅದರ ಒಂದು ಭಾಗ ನನ್ನನ್ನೂ ಕಾಡಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು 'ಪ್ರತಿಪಕ್ಷಗಳು' ಎಂಬ ಮಾತನ್ನು ನೋಡೋಣ. 1996ರ ಚುನಾವಣೆಯಲ್ಲಿ ಜಾಂಬಿಯಾದ 150 ಚುನಾಯಿತ ಸ್ಥಾನಗಳ ಪೈಕಿ 131ನ್ನು ಚಿಲುಬಾ ಅವರ ಪಕ್ಷವಾದ ಎಂಎಂಡಿಯೇ ಗೆದ್ದಿತ್ತು. ದೇಶದ ಹಳೆಯ ಪಕ್ಷವಾದ ಯೂನಿಪ್ ಆ ಚುನಾವಣೆಯನ್ನು ಬಹಿಷ್ಕರಿಸಿತ್ತು. ಸಂವಿಧಾನವನ್ನು ತಿದ್ದಲು ಸಂಸತ್ತಿನ ಒಟ್ಟು ಸದಸ್ಯರಲ್ಲಿ ಮೂರನೇ ಎರಡರಷ್ಟು ಮಂದಿಯ ಒಪ್ಪಿಗೆ ಬೇಕಿತ್ತು. ಆ ಸಂಖ್ಯೆ ಕಾಗದದ ಮೇಲೆ ಅಧ್ಯಕ್ಷರ ಕೈಯಲ್ಲೇ ಇತ್ತು, ಸಂಸತ್ತಿನೊಳಗಿನ ಪ್ರತಿಪಕ್ಷಗಳೆಲ್ಲ ಒಂದಾದರೂ ಅದನ್ನು ತಡೆಯುವ ಶಕ್ತಿ ಅವಕ್ಕಿರಲಿಲ್ಲ. ಹಾಗಿದ್ದರೂ ಮೂರನೇ ಅವಧಿಗೆ ಬೆಂಬಲ ಕೊಡುವುದಿಲ್ಲವೆಂದು 2001ರಲ್ಲಿ 59 ಸಂಸದರು ಸಹಿ ಹಾಕಿದರು. ಮೂರನೇ ಒಂದು ಭಾಗಕ್ಕಿಂತ ಹೆಚ್ಚಾದ ಈ ಸಂಖ್ಯೆಯಲ್ಲಿ ಬಹುಪಾಲು ಆಳುವ ಪಕ್ಷದವರೇ ಇದ್ದರೆಂಬುದನ್ನು ಲೆಕ್ಕವೇ ಹೇಳುತ್ತದೆ. ಸ್ವತಃ ಉಪಾಧ್ಯಕ್ಷ ಕ್ರಿಸ್ಟನ್ ಟೆಂಬೊ ಆ ಕಡೆ ನಿಂತಿದ್ದರು. ಮುಂದಿನ ಚುನಾವಣೆಯ ಟಿಕೆಟ್ಟನ್ನೂ ಮಂತ್ರಿಗಿರಿಯನ್ನೂ ಪಣಕ್ಕಿಟ್ಟು ತಮ್ಮ ನಾಯಕನಿಗೇ 'ಬೇಡ' ಎಂದವರು ಇವರು. ಇವರ ವಿಷಯದಲ್ಲಿ 'ಗೆಲ್ಲಲಾಗದವರು' ಎಂಬ ನಿಮ್ಮ ಮಾತು ಸಲ್ಲುವುದಿಲ್ಲ, ಏಕೆಂದರೆ ಅವರೆಲ್ಲ ಗೆದ್ದು ಬಂದವರೇ.

ಸಂಸತ್ತಿನ ಹೊರಗೆ ಚಳವಳಿಯನ್ನು ಕಟ್ಟಿದವರೂ ರಾಜಕಾರಣಿಗಳಲ್ಲ. 2001ರ ಫೆಬ್ರುವರಿಯಲ್ಲಿ ರಾಜಧಾನಿ ಲುಸಾಕಾದ ಓಯಸಿಸ್ ಎಂಬ ಹೋಟೆಲಿನಲ್ಲಿ ಸಭೆ ಸೇರಿದವರು ಮೂರು ಪ್ರಮುಖ ಕ್ರೈಸ್ತ ಸಭೆಗಳ ಒಕ್ಕೂಟಗಳು, ವಕೀಲರ ಸಂಘ ಮತ್ತು ಮಹಿಳಾ ಸಂಘಟನೆಗಳ ಸಮನ್ವಯ ಸಮಿತಿ. ಅಲ್ಲಿ ಹೊರಟ ಘೋಷಣೆಯಿಂದಲೇ 'ಓಯಸಿಸ್ ವೇದಿಕೆ' ಹುಟ್ಟಿತು. ಹಸಿರು ರಿಬ್ಬನ್ ಕಟ್ಟಿಕೊಳ್ಳಿ, ಶುಕ್ರವಾರ ಸಂಜೆ ವಾಹನಗಳ ಹಾರ್ನ್ ಬಾರಿಸಿ, ಸೀಟಿ ಊದಿ ಎಂದು ಅವರು ಜನರನ್ನು ಕೇಳಿಕೊಂಡರು. ಪ್ರತಿಭಟನಾ ಸಭೆಗಳಿಗೆ ಪೊಲೀಸ್ ಅನುಮತಿ ಸಿಗುವುದೇ ಕಷ್ಟವಾಗಿದ್ದ ದೇಶದಲ್ಲಿ ಇದು ಜಾಣತನದ ದಾರಿಯಾಗಿತ್ತು: ಕಚೇರಿಯಿಂದ ಮನೆಗೆ ಹೊರಟವನು ಹಾರ್ನ್ ಬಾರಿಸಿದರೆ ಅವನನ್ನು ಯಾವ ಕಲಮಿನಡಿ ಬಂಧಿಸುವುದು? ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಚಿಲುಬಾ ಅಧಿಕಾರಕ್ಕೆ ಬಂದ ಕೆಲವೇ ವಾರಗಳಲ್ಲಿ ಜಾಂಬಿಯಾವನ್ನು ಕ್ರೈಸ್ತ ರಾಷ್ಟ್ರವೆಂದು ಘೋಷಿಸಿದ್ದವರು. ತಮ್ಮ ಧರ್ಮಶ್ರದ್ಧೆಯನ್ನು ಬಹಿರಂಗವಾಗಿ ಸಾರುತ್ತಿದ್ದವರು. ಅಂಥವರಿಗೆ ಕ್ಯಾಥೊಲಿಕ್, ಪ್ರೊಟೆಸ್ಟೆಂಟ್, ಇವ್ಯಾಂಜೆಲಿಕಲ್ ಸಭೆಗಳು ಒಂದೇ ದನಿಯಲ್ಲಿ 'ಸಂವಿಧಾನದ ಮಾತಿಗೆ ಬದ್ಧರಾಗಿ' ಎಂದಾಗ ಅದನ್ನು ವಿರೋಧಿಗಳ ಪಿತೂರಿಯೆಂದು ತಳ್ಳಿಹಾಕುವುದು ಸುಲಭವಿರಲಿಲ್ಲ.

ಈಗ ನಿಮ್ಮ ವಾದದ ತಿರುಳಿಗೆ ಬರೋಣ. ಜನ ಮತ ಹಾಕುವಾಗ ಮಿತಿ ಏಕೆ ಬೇಕು? ಇದಕ್ಕೆ ಉತ್ತರ ಜಾಂಬಿಯಾದ ನೆನಪಿನಲ್ಲೇ ಇದೆ. 1964ರಲ್ಲಿ ಸ್ವತಂತ್ರವಾದ ಆ ದೇಶವನ್ನು ಕೆನೆತ್ ಕೌಂಡಾ 27 ವರ್ಷ ಆಳಿದರು. ಕೌಂಡಾ ಕ್ರೂರಿಯಾಗಿರಲಿಲ್ಲ; ಗಾಂಧೀಜಿಯನ್ನು ಮೆಚ್ಚಿದವರು, ದಕ್ಷಿಣ ಆಫ್ರಿಕಾದ ಬಿಡುಗಡೆಯ ಹೋರಾಟಗಾರರಿಗೆ ತಮ್ಮ ರಾಜಧಾನಿಯಲ್ಲಿ ನೆಲೆ ಕೊಟ್ಟವರು. ಆದರೂ 1969ರಲ್ಲಿ ಒಂದು ಜನಮತಗಣನೆ ನಡೆಸಿ, ಸಂವಿಧಾನದ ಮುಖ್ಯ ಭಾಗಗಳನ್ನು ತಿದ್ದಲು ಇನ್ನು ಮುಂದೆ ಜನಮತಗಣನೆಯೇ ಬೇಕಿಲ್ಲವೆಂದು ಅವರ ಸರ್ಕಾರ ಮಾಡಿಕೊಂಡಿತು. ಅದಾದ ಮೂರೇ ವರ್ಷಗಳಲ್ಲಿ, 1972ರ ಕೊನೆಗೆ, ದೇಶ ಏಕಪಕ್ಷ ರಾಜ್ಯವಾಯಿತು. ಆ ಬಳಿಕವೂ ಐದು ವರ್ಷಕ್ಕೊಮ್ಮೆ ಚುನಾವಣೆ ನಡೆಯುತ್ತಲೇ ಇತ್ತು. ಮತಪತ್ರದಲ್ಲಿ ಅಧ್ಯಕ್ಷ ಸ್ಥಾನಕ್ಕೆ ಒಂದೇ ಹೆಸರು. ಜನ 'ಹೌದು' ಅಥವಾ 'ಇಲ್ಲ' ಎನ್ನಬೇಕಿತ್ತು. 1973, 1978, 1983, 1988, ನಾಲ್ಕೂ ಸಲ 'ಹೌದು' ಗೆದ್ದಿತು. ಜನ ಮತ ಹಾಕುತ್ತಿದ್ದಾರೆ ಎಂಬುದೊಂದರಿಂದಲೇ ಅವರಿಗೆ ಆಯ್ಕೆ ಇದೆ ಎಂದಾಗುವುದಿಲ್ಲವೆಂಬುದನ್ನು ಜಾಂಬಿಯಾದ ಜನ ಕಲಿತದ್ದು ಪುಸ್ತಕದಿಂದಲ್ಲ.

ಮೆಕ್ಕೆಜೋಳದ ಹಿಟ್ಟಿನ ಬೆಲೆಯೇರಿಕೆಯ ವಿರುದ್ಧ 1990ರ ಜೂನ್‌ನಲ್ಲಿ ಬೀದಿಗಿಳಿದ ಜನರ ಸಿಟ್ಟನ್ನು ಚಳವಳಿಯಾಗಿ ತಿರುಗಿಸಿದವರಲ್ಲಿ ಕಾರ್ಮಿಕ ನಾಯಕ ಚಿಲುಬಾ ಮುಖ್ಯರು. 1991ರ ಅಕ್ಟೋಬರ್ 31ರಂದು ನಡೆದ ಬಹುಪಕ್ಷ ಚುನಾವಣೆಯಲ್ಲಿ ನಾಲ್ಕರಲ್ಲಿ ಮೂರು ಪಾಲು ಮತ ಪಡೆದು ಅವರು ಕೌಂಡಾರನ್ನು ಸೋಲಿಸಿದರು. ಅಧ್ಯಕ್ಷನಿಗೆ ಎರಡೇ ಅವಧಿ ಎಂಬ ನಿಯಮ ಸಂವಿಧಾನದಲ್ಲಿ ನೆಲೆಯೂರಿದ್ದು ಆ ವರ್ಷವೇ. 1996ರಲ್ಲಿ ಚಿಲುಬಾ ಸರ್ಕಾರ ಸಂವಿಧಾನವನ್ನು ವ್ಯಾಪಕವಾಗಿ ತಿದ್ದಿದಾಗಲೂ, ಎರಡು ಬಾರಿ ಆಯ್ಕೆಯಾದವರು ಮತ್ತೆ ಸ್ಪರ್ಧಿಸುವಂತಿಲ್ಲ ಎಂಬುದನ್ನು ಉಳಿಸಿಕೊಂಡಿತು. ಅದೇ ತಿದ್ದುಪಡಿಯಲ್ಲಿ, ಅಧ್ಯಕ್ಷ ಸ್ಥಾನದ ಅಭ್ಯರ್ಥಿಯ ತಂದೆ ತಾಯಿ ಇಬ್ಬರೂ ಜಾಂಬಿಯಾದವರೇ ಆಗಿರಬೇಕೆಂಬ ಇನ್ನೊಂದು ನಿಯಮವೂ ಸೇರಿತು. ಕೌಂಡಾರ ಹೆತ್ತವರು ಈಗಿನ ಮಲಾವಿಯಿಂದ ಬಂದವರಾದ್ದರಿಂದ ಅವರು ಮರಳಿ ಸ್ಪರ್ಧಿಸುವ ದಾರಿ ಮುಚ್ಚಿತು. ಪ್ರತಿಸ್ಪರ್ಧಿಯನ್ನು ಹೊರಗಿಡಲು ಸಂವಿಧಾನವನ್ನು ಬಳಸಿದ ಅದೇ ಕೈಗಳು, ಐದು ವರ್ಷಗಳ ನಂತರ ತಮಗೆ ಅಡ್ಡವಾದ ಸಾಲನ್ನು ಅಳಿಸಲು ಹೊರಟಾಗ ಜನರಿಗೆ ಅನುಮಾನ ಬಂದದ್ದು ಸಹಜವಲ್ಲವೇ? ಆಟ ನಡೆಯುತ್ತಿರುವಾಗ ಆಟಗಾರನೇ ನಿಯಮ ಬದಲಿಸುವುದು ಎಂಬ ಆಕ್ಷೇಪಕ್ಕೆ ಇಲ್ಲಿ ಪೂರ್ಣ ಆಧಾರವಿತ್ತು.

ನಮ್ಮ ದೇಶದ ಹೋಲಿಕೆಯನ್ನು ನೀವು ತಂದಿದ್ದೀರಿ. ನಮ್ಮ ಪ್ರಧಾನಿ ಲೋಕಸಭೆಯ ವಿಶ್ವಾಸ ಇರುವಷ್ಟು ದಿನ ಮಾತ್ರ ಪ್ರಧಾನಿ. 1999ರ ಏಪ್ರಿಲ್‌ನಲ್ಲಿ ವಾಜಪೇಯಿ ಸರ್ಕಾರ ಒಂದೇ ಮತದಿಂದ ಬಿದ್ದದ್ದು ನಿಮಗೆ ನೆನಪಿರಬಹುದು. ನಮ್ಮ ರಾಜ್ಯದಲ್ಲಂತೂ ಪೂರ್ತಿ ಐದು ವರ್ಷ ಆಳಿದ ಮುಖ್ಯಮಂತ್ರಿಗಳನ್ನು ಬೆರಳಲ್ಲಿ ಎಣಿಸಬಹುದು. ಜಾಂಬಿಯಾದ ಅಧ್ಯಕ್ಷನನ್ನು ಜನ ನೇರವಾಗಿ ಆರಿಸುತ್ತಾರೆ. ಸಂಪುಟ, ಸೇನೆ, ಪೊಲೀಸ್, ಉನ್ನತ ನೇಮಕಾತಿಗಳೆಲ್ಲ ಅವನ ಕೈಯಲ್ಲಿರುತ್ತವೆ; ಅವಧಿಯ ನಡುವೆ ಅವನನ್ನು ಇಳಿಸಲು ಮಹಾಭಿಯೋಗದಂಥ ಕಠಿಣ ದಾರಿ ಬಿಟ್ಟರೆ ಬೇರೆ ಇಲ್ಲ. 2001ರಲ್ಲಿ ಸರ್ಕಾರಿ ಸಂಬಳ ಪಡೆಯುತ್ತಿದ್ದ ಜಿಲ್ಲಾಡಳಿತಾಧಿಕಾರಿಗಳೇ ಮೂರನೇ ಅವಧಿಯ ಪರವಾಗಿ ಪ್ರಚಾರಕ್ಕಿಳಿದಿದ್ದರು. ಅಂಥ ವ್ಯವಸ್ಥೆಯಲ್ಲಿ ಅವಧಿ ಮಿತಿಯು ಮತದಾರನ ಕೈ ಕಟ್ಟುವ ನಿಯಮವಲ್ಲ, ಅಧಿಕಾರದಲ್ಲಿರುವವನ ಕೈ ಕಟ್ಟುವ ನಿಯಮ. ನಮ್ಮಲ್ಲಿ ಸದನ ಮಾಡುವ ಕೆಲಸವನ್ನು ಅಲ್ಲಿ ಕ್ಯಾಲೆಂಡರ್ ಮಾಡುತ್ತದೆ.

ಕತೆ ಮುಂದೇನಾಯಿತೆಂಬುದನ್ನು ಹಿಂದಿನ ಬರಹದಲ್ಲಿ ಚುಟುಕಾಗಿ ಹೇಳಿದ್ದೆ. ಏಪ್ರಿಲ್ ಕೊನೆಯಲ್ಲಿ ಕಬ್ವೆ ಪಟ್ಟಣದ ಹತ್ತಿರ ನಡೆದ ಎಂಎಂಡಿ ಸಮಾವೇಶ, ಪಕ್ಷದ ಸ್ವಂತ ನಿಯಮಾವಳಿಯಲ್ಲಿದ್ದ ಎರಡು ಅವಧಿಯ ಮಿತಿಯನ್ನು ಕಿತ್ತುಹಾಕಿ, ಚಿಲುಬಾ ಅವರನ್ನೇ ಪಕ್ಷದ ಅಧ್ಯಕ್ಷರನ್ನಾಗಿ ಮತ್ತೆ ಆರಿಸಿತು. ಟೆಂಬೊ, ಗಾಡ್‌ಫ್ರೇ ಮಿಯಾಂಡ ಸೇರಿ ವಿರೋಧಿಸಿದ 22 ಹಿರಿಯರನ್ನು ಪಕ್ಷ ಹೊರಹಾಕಿತು. ಪಕ್ಷ ಕೈಗೆ ಬಂದರೂ ಸಂಸತ್ತು ಬರಲಿಲ್ಲ. ಮಹಾಭಿಯೋಗದ ಗೊತ್ತುವಳಿಗೆ ಸಹಿಗಳು ಸೇರತೊಡಗಿದವು. ಮೇ 4ರ ರಾತ್ರಿ ಚಿಲುಬಾ ಟೆಲಿವಿಷನ್‌ನಲ್ಲಿ ಕಾಣಿಸಿಕೊಂಡು, ತಾವು ಸ್ಪರ್ಧಿಸುವುದಿಲ್ಲವೆಂದರು. ಸಂವಿಧಾನದ ಒಂದು ಅಕ್ಷರವೂ ಬದಲಾಗಲಿಲ್ಲ.

ಜಾಂಬಿಯಾದ ನೆರೆಯ ಮಲಾವಿಯಲ್ಲಿ ಮರುವರ್ಷವೇ ಇದೇ ಪ್ರಶ್ನೆ ಎದ್ದಿತು. ಅಧ್ಯಕ್ಷ ಬಕಿಲಿ ಮುಲುಜಿಗಾಗಿ ಅವಧಿ ಮಿತಿಯನ್ನೇ ತೆಗೆದುಹಾಕುವ ಮಸೂದೆಗೆ 2002ರ ಜುಲೈನಲ್ಲಿ ಮೂರೇ ಮತಗಳ ಕೊರತೆ ಬಿದ್ದು ಅದು ಸೋತಿತು. ನೈಜೀರಿಯಾದಲ್ಲಿ ಅಧ್ಯಕ್ಷ ಒಬಸಾಂಜೊ ಅವರಿಗೆ ಮೂರನೇ ಅವಧಿಯ ದಾರಿ ತೆರೆಯುತ್ತಿದ್ದ ತಿದ್ದುಪಡಿಯನ್ನು 2006ರ ಮೇ ತಿಂಗಳಲ್ಲಿ ಸೆನೆಟ್ ತಳ್ಳಿಹಾಕಿತು. ಬುರ್ಕಿನಾ ಫಾಸೊದಲ್ಲಿ ಸಂಸತ್ತು ಬಗ್ಗುವ ಲಕ್ಷಣ ಕಂಡಾಗ ಜನ 2014ರ ಅಕ್ಟೋಬರ್ 30ರಂದು ಸಂಸತ್ ಭವನಕ್ಕೇ ಬೆಂಕಿಯಿಟ್ಟರು, 27 ವರ್ಷ ಆಳಿದ್ದ ಬ್ಲೇಸ್ ಕಂಪಾವೊರೆ ಮರುದಿನ ರಾಜೀನಾಮೆ ಕೊಟ್ಟು ದೇಶ ಬಿಟ್ಟರು. ಆ ಬೆಂಕಿಯನ್ನು ನಾನು ಸಮರ್ಥಿಸಲಾರೆ. ಆ ದೇಶ ಮುಂದೆ ಸೇನಾ ದಂಗೆಗಳ ಬಾಯಿಗೆ ಬಿದ್ದದ್ದನ್ನು ನೋಡಿದಾಗ ಲುಸಾಕಾದ ವಕೀಲರೂ ಪಾದ್ರಿಗಳೂ ಹಿಡಿದ ದಾರಿಯ ಬೆಲೆ ನನಗೆ ಇನ್ನಷ್ಟು ದೊಡ್ಡದಾಗಿ ಕಾಣುತ್ತದೆ. ಉಗಾಂಡದಲ್ಲಿ ವಿರೋಧ ಸಾಲದೇ ಹೋಯಿತು. 2005ರಲ್ಲಿ ಅವಧಿ ಮಿತಿಯನ್ನೂ 2017ರಲ್ಲಿ ವಯೋಮಿತಿಯನ್ನೂ ಸಂಸತ್ತು ತೆಗೆಯಿತು. 1986ರಲ್ಲಿ ಅಧಿಕಾರ ಹಿಡಿದ ಮುಸೆವೆನಿ ಆ ಬಳಿಕ ಯಾವ ಚುನಾವಣೆಯಲ್ಲೂ ಸೋತಿಲ್ಲ. ಜನ ಬೇಡವೆಂದರೆ ಸೋಲಿಸುತ್ತಾರೆ ಎಂಬ ನಿಮ್ಮ ನಂಬಿಕೆಯನ್ನು ಉಗಾಂಡದ ಎದುರು ಒಮ್ಮೆ ಇಟ್ಟು ನೋಡಿ ಎಂದು ಕೇಳಿಕೊಳ್ಳುತ್ತೇನೆ.

ಇನ್ನು ನನ್ನನ್ನು ಕಾಡಿದ ಭಾಗ. ಚಿಲುಬಾ ಅವರನ್ನು ತಡೆಯುವಲ್ಲಿ ಒಂದಾದವರು ಅದಾದ ಮೇಲೆ ಒಂದಾಗಿ ಉಳಿಯಲಿಲ್ಲ. ಟೆಂಬೊ ಒಂದು ಪಕ್ಷ ಕಟ್ಟಿದರು, ಮಿಯಾಂಡ ಇನ್ನೊಂದು. ಡಿಸೆಂಬರ್ 27ರ ಚುನಾವಣೆಯಲ್ಲಿ ಮತ ಹಂಚಿಹೋಗಿ, ಎಂಎಂಡಿಯ ಹೊಸ ಅಭ್ಯರ್ಥಿ ಲೆವಿ ಮ್ವನವಾಸಾ ಶೇ 29ರಷ್ಟು ಮತದಲ್ಲೇ ಅಧ್ಯಕ್ಷರಾದರು. ಎರಡನೆಯವರಾದ ಆಂಡರ್ಸನ್ ಮಜೋಕಾ ಅವರಿಗೆ ಬಂದದ್ದು ಶೇ 27. ಹತ್ತರಲ್ಲಿ ಏಳು ಮಂದಿ ಬೇಡವೆಂದವರು ಗದ್ದುಗೆ ಏರಿದ್ದು ಪ್ರತಿಪಕ್ಷಗಳ ಸ್ವಾರ್ಥದ ಫಲವೆಂದು ನೀವು ಹೇಳಿದರೆ ನನ್ನ ಬಳಿ ಪ್ರತ್ಯುತ್ತರವಿಲ್ಲ. ನಿಮ್ಮ ಪರವಾಗಿ ಇನ್ನೂ ಬಲವಾದ ಸಾಕ್ಷಿಯೊಂದಿದೆ, ಅದನ್ನೂ ಮುಚ್ಚಿಡುವುದಿಲ್ಲ. ಎಡ್ಗರ್ ಲುಂಗು 2015ರಲ್ಲೂ 2016ರಲ್ಲೂ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದ್ದರು. ಮೊದಲ ಸಲದ್ದು, ಅಧಿಕಾರದಲ್ಲಿದ್ದಾಗಲೇ ತೀರಿಕೊಂಡ ಹಿಂದಿನ ಅಧ್ಯಕ್ಷರ ಉಳಿದ ಅವಧಿಯಾದ್ದರಿಂದ ಅದನ್ನು ಪೂರ್ಣ ಅವಧಿಯೆಂದು ಎಣಿಸಲಾಗದು ಎಂದು ಸಾಂವಿಧಾನಿಕ ನ್ಯಾಯಾಲಯ 2018ರ ಡಿಸೆಂಬರ್‌ನಲ್ಲಿ ಹೇಳಿತು. ಇದು ಬಾಗಿಲ ಸಂದಿಯಿಂದ ಬಂದ ಮೂರನೇ ಅವಧಿಯೆಂದು ಅನೇಕರು ದೂರಿದರು. ಕೊನೆಗೆ 2021ರ ಆಗಸ್ಟ್‌ನಲ್ಲಿ ಅವರನ್ನು ಇಳಿಸಿದ್ದು ಮತದಾರರು, ಸುಮಾರು ಹತ್ತು ಲಕ್ಷ ಮತಗಳ ಅಂತರದಿಂದ ಹಕೈಂದೆ ಹಿಚಿಲೆಮಾ ಅವರನ್ನು ಗೆಲ್ಲಿಸಿ. ಆದರೆ ಆ ಹೊತ್ತಿಗೆ ಲುಂಗು ಅಧಿಕಾರದಲ್ಲಿದ್ದದ್ದು ಆರೂವರೆ ವರ್ಷ, ಮೂವತ್ತಲ್ಲ. ಅಲ್ಲಿನ ಚುನಾವಣಾ ಆಯೋಗವೂ ಕ್ರೈಸ್ತ ಸಭೆಗಳೂ ವಕೀಲರೂ ಇನ್ನೂ ಬೆನ್ನು ನೆಟ್ಟಗಿಟ್ಟುಕೊಂಡಿದ್ದರು. ಒಬ್ಬನೇ ಮೂರು ದಶಕ ಕುಳಿತ ಮೇಲೆ ಸಂಸ್ಥೆಗಳು ಹಾಗೆ ಉಳಿಯುತ್ತವೆಂದು ನಂಬಲು ನನಗೆ ಧೈರ್ಯ ಸಾಲದು.

ಕೊನೆಯದಾಗಿ, 'ಬೇರೆ ಯಾರಿದ್ದರು' ಎಂದು ಕೇಳಿದ್ದೀರಿ. 2001ರ ಡಿಸೆಂಬರ್‌ನ ಮತಪತ್ರದಲ್ಲಿ ಹನ್ನೊಂದು ಹೆಸರುಗಳಿದ್ದವು. ಅದರಲ್ಲಿ ಗೆದ್ದ ಮ್ವನವಾಸಾ, ಚಿಲುಬಾ ಅವರ ಆಯ್ಕೆಯೇ ಆಗಿದ್ದರೂ, ಏಳೇ ತಿಂಗಳಲ್ಲಿ ಭ್ರಷ್ಟಾಚಾರದ ಆರೋಪಗಳಿಗಾಗಿ ಚಿಲುಬಾ ಅವರಿಗಿದ್ದ ಕಾನೂನು ರಕ್ಷಣೆಯನ್ನು ಸಂಸತ್ತಿನ ಮೂಲಕ ತೆಗೆಸಿದರು. ದೇಶದೊಳಗಿನ ಕ್ರಿಮಿನಲ್ ಮೊಕದ್ದಮೆಯಲ್ಲಿ ಚಿಲುಬಾ 2009ರಲ್ಲಿ ಖುಲಾಸೆಗೊಂಡರು. ಅದೇ ಪಟ್ಟಿಯಲ್ಲಿ, ಬಹಳ ಕೆಳಗೆ, ಮೈಕೆಲ್ ಸಾಟಾ ಎಂಬ ಹೆಸರಿತ್ತು. ಪಕ್ಷದ ಕಾರ್ಯದರ್ಶಿಯಾಗಿ ಚಿಲುಬಾ ಅವರ ಮೂರನೇ ಅವಧಿಗಾಗಿ ಓಡಾಡಿದವರು ಅವರೇ. ಅಭ್ಯರ್ಥಿತನ ತಮಗೆ ಸಿಗದಿದ್ದಾಗ ಹೊರಬಂದು ಸ್ವಂತ ಪಕ್ಷ ಕಟ್ಟಿದ್ದರು. ಮೂರು ಬಾರಿ ಸೋತು, 2011ರ ಸೆಪ್ಟೆಂಬರ್‌ನಲ್ಲಿ ಅವರು ಎಂಎಂಡಿಯನ್ನು ಸೋಲಿಸಿ ಅಧ್ಯಕ್ಷರಾದರು. ಅಧಿಕಾರದಲ್ಲಿದ್ದ ರುಪಿಯಾ ಬಾಂಡಾ ಕಣ್ಣೀರು ತಡೆಯುತ್ತಲೇ ಸೋಲೊಪ್ಪಿಕೊಂಡು ಅಧಿಕಾರ ಬಿಟ್ಟುಕೊಟ್ಟರು.

ಸಂಪಾದಕ