ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿದ ಮೇಲೆ ಮತ್ತೆ ಸ್ಕೂಬಾ ಡೈವಿಂಗ್ ಮಾಡಬಹುದೇ?

ಎಡ ಸ್ತನದ ಗಡ್ಡೆಯನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆಸಿಕೊಂಡು, ಕೀಮೋ ಮತ್ತು ರೇಡಿಯೇಷನ್ ಮುಗಿದು ಎಂಟು ತಿಂಗಳಾಗಿದೆ, ಟ್ಯಾಮಾಕ್ಸಿಫೆನ್ ಎಂಬ ಹಾರ್ಮೋನ್ ಚಿಕಿತ್ಸೆಯ ಮಾತ್ರೆ ನಡೆಯುತ್ತಿದೆ ಎಂದು ಬರೆದಿದ್ದೀರಿ. ಮಳೆಗಾಲ ಕಳೆದ ಮೇಲೆ ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ನೀರಿಗಿಳಿಯುವ ಆಸೆಯಿದೆ, ಕ್ಯಾನ್ಸರ್ ವೈದ್ಯರು ‘ನಿಮಗಿಷ್ಟವಾದದ್ದನ್ನೆಲ್ಲ ಧಾರಾಳವಾಗಿ ಮಾಡಿ’ ಎಂದಿದ್ದಾರೆ, ಡೈವಿಂಗ್ ಕೇಂದ್ರದವರು ಮಾತ್ರ ಫಿಟ್‌ನೆಸ್ ಪತ್ರವಿಲ್ಲದೆ ಆಗದು ಎನ್ನುತ್ತಿದ್ದಾರೆ, ಯಾರ ಮಾತು ಕೇಳಬೇಕು ಎಂಬುದು ನಿಮ್ಮ ಪ್ರಶ್ನೆ.

ಈ ವಿಷಯದಲ್ಲಿ ಡೈವಿಂಗ್ ಕೇಂದ್ರದವರದೇ ಸರಿ. ನಾನು ವೈದ್ಯೆಯಲ್ಲ, ಹೆಚ್ಚುಕಡಿಮೆ ನಿಮ್ಮಂಥದೇ ಚಿಕಿತ್ಸೆ ಪಡೆದು, ಆಮೇಲೆ ಡೈವಿಂಗ್‌ಗೆ ಮರಳಿದವಳು. ಮರಳಲು ಖಂಡಿತ ಸಾಧ್ಯವಿದೆ. ಆದರೆ ಅದನ್ನು ನಿರ್ಧರಿಸುವುದು ಕಾಯಿಲೆಯ ಹೆಸರಲ್ಲ, ಚಿಕಿತ್ಸೆಯು ನಿಮ್ಮ ಶ್ವಾಸಕೋಶ, ಹೃದಯ, ನರ ಮತ್ತು ತೋಳಿನಲ್ಲಿ ಏನನ್ನು ಉಳಿಸಿಹೋಗಿದೆ ಎಂಬುದು. ಕ್ಯಾನ್ಸರ್ ವೈದ್ಯರು ನೆಲದ ಮೇಲಿನ ಬದುಕನ್ನು ಮನಸ್ಸಿನಲ್ಲಿಟ್ಟುಕೊಂಡು ಒಪ್ಪಿಗೆ ಕೊಡುತ್ತಾರೆ. ನೀರಿನೊಳಗಿನ ಒತ್ತಡದ ಲೆಕ್ಕ ಅವರ ದಿನನಿತ್ಯದ ಕೆಲಸವಲ್ಲ.

ಎಲ್ಲಕ್ಕಿಂತ ಮೊದಲು ಖಚಿತಪಡಿಸಿಕೊಳ್ಳಬೇಕಾದದ್ದು ಶ್ವಾಸಕೋಶದ ಸ್ಥಿತಿಯನ್ನು. ಹತ್ತು ಮೀಟರ್ ಆಳದಲ್ಲಿ ಒತ್ತಡವು ಮೇಲ್ಮೈಗಿಂತ ಎರಡು ಪಟ್ಟಿರುತ್ತದೆ, ಅಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ಆರೋಗ್ಯವಾದ ಶ್ವಾಸಕೋಶದಿಂದ ಆ ಗಾಳಿ ಉಸಿರಿನೊಂದಿಗೆ ಸರಾಗವಾಗಿ ಹೊರಹೋಗುತ್ತದೆ. ಎಲ್ಲಾದರೂ ಕಲೆಗಟ್ಟಿ ಗಾಳಿ ಸಿಕ್ಕಿಹಾಕಿಕೊಂಡರೆ ಅಲ್ಲಿ ಹರಿದು, ಎದೆಗೂಡಿಗೆ ನುಗ್ಗಬಹುದು, ಇಲ್ಲವೇ ರಕ್ತಕ್ಕೆ ಸೇರಿ ಮಿದುಳನ್ನು ಮುಟ್ಟಬಹುದು. ಸ್ತನಕ್ಕೆ ಕೊಡುವ ರೇಡಿಯೇಷನ್ನಿನ ದಾರಿಯಲ್ಲಿ ಆ ಬದಿಯ ಶ್ವಾಸಕೋಶದ ಒಂದು ತೆಳು ಅಂಚು ಸಿಕ್ಕೇ ಸಿಗುತ್ತದೆ, ಕೊರಳೆಲುಬಿನ ಮೇಲಿನ ಗ್ರಂಥಿಗಳಿಗೂ ಕೊಟ್ಟಿದ್ದರೆ ಅದರ ತುದಿಯೂ ಸೇರುತ್ತದೆ. ಇದರಿಂದ ಕೆಲವರಿಗೆ ಉರಿಯೂತ ಆಗುವುದುಂಟು. ಆದರೆ ಅದು ಸಾಮಾನ್ಯವಾಗಿ ಚಿಕಿತ್ಸೆ ಮುಗಿದ ಮೊದಲ ಆರು ತಿಂಗಳೊಳಗೆ ಒಣಕೆಮ್ಮು, ಏದುಸಿರು, ಸಣ್ಣ ಜ್ವರವಾಗಿ ಕಾಣಿಸಿಕೊಳ್ಳುತ್ತದೆ. ಕಲೆಗಟ್ಟುವುದು ಅದರ ನಂತರದ ಹಂತ, ಒಂದು ವರ್ಷದವರೆಗೆ, ಕೆಲವೊಮ್ಮೆ ಅದಕ್ಕೂ ಮುಂದೆ, ನಿಧಾನವಾಗಿ ನಡೆಯುತ್ತಿರುತ್ತದೆ. ನೀವೀಗ ಎಂಟನೆಯ ತಿಂಗಳಿನಲ್ಲಿದ್ದೀರಿ, ಎಂದರೆ ಚಿತ್ರ ಇನ್ನೂ ಪೂರ್ತಿ ನೆಲೆಗೊಂಡಿಲ್ಲ. ಎದೆಯ ಎಕ್ಸ್‌ರೇ ಒಂದನ್ನೇ ನೋಡಿ ಸಮಾಧಾನಪಡಬೇಡಿ. ಹೈ ರೆಸಲ್ಯೂಷನ್ ಸಿ.ಟಿ. ಮತ್ತು ಉಸಿರಿನ ಸಾಮರ್ಥ್ಯ ಅಳೆಯುವ ಸ್ಪೈರೋಮೆಟ್ರಿ ಎರಡನ್ನೂ ಮಾಡಿಸಲು ಕೇಳಿ, ಸಾಧ್ಯವಿದ್ದರೆ ಒಂದು ವರ್ಷ ತುಂಬುವವರೆಗೆ ಕಾಯಿರಿ. ಇನ್ನೊಂದು ಸೀಸನ್ ಕೈತಪ್ಪಿದರೆ ದ್ವೀಪವೇನೂ ಎದ್ದುಹೋಗುವುದಿಲ್ಲ.

ನನಗೂ ಎಡಬದಿಯೇ ಆದ್ದರಿಂದ, ಹೃದಯ ಕಿರಣದ ದಾರಿಯಿಂದ ಆಚೆ ಸರಿಯಲೆಂದು ರೇಡಿಯೇಷನ್ ಕೊಡುವಾಗ ಉಸಿರನ್ನು ತುಂಬ ಎಳೆದು ಹಿಡಿದಿಟ್ಟುಕೊಳ್ಳಲು ಹೇಳುತ್ತಿದ್ದರು. ಉಸಿರನ್ನು ಎಂದಿಗೂ ಹಿಡಿಯಬಾರದು ಎಂಬುದು ಡೈವಿಂಗ್‌ನಲ್ಲಿ ಕಲಿಸುವ ಮೊದಲ ಪಾಠ. ಬೋರಲು ಬಟ್ಟಲಿನಂಥ ಯಂತ್ರದ ಕೆಳಗೆ, ಕೈಗಳನ್ನು ತಲೆಯ ಮೇಲಕ್ಕೆತ್ತಿ ಮಲಗಿ, ಸ್ಪೀಕರಿನಲ್ಲಿ ‘ಹಿಡಿಯಿರಿ’ ಎಂಬ ಧ್ವನಿ ಕೇಳಿದಾಗಲೆಲ್ಲ ನನಗೆ ನಗು ಬರುತ್ತಿತ್ತು. ನಿಮಗೂ ಈ ವಿಧಾನ ಬಳಸಿದ್ದರೆ ಹೃದಯಕ್ಕೆ ತಗುಲಿದ ಪ್ರಮಾಣ ಕಡಿಮೆಯಿರುತ್ತದೆ, ಡೈವಿಂಗ್ ವೈದ್ಯರಿಗೆ ಅದನ್ನೂ ತಿಳಿಸಿ.

ಹೃದಯದ ವಿಷಯದಲ್ಲಿ ನಿಮ್ಮ ಕೀಮೋ ಪಟ್ಟಿಯಲ್ಲಿ ಡಾಕ್ಸೋರುಬಿಸಿನ್, ಅಂದರೆ ಆ ಕೆಂಪು ಬಣ್ಣದ ಔಷಧ, ಅಥವಾ ಟ್ರಾಸ್ಟುಜುಮ್ಯಾಬ್ ಇತ್ತೇ ಎಂದು ನೋಡಿಕೊಳ್ಳಿ. ಎರಡೂ ಹೃದಯದ ಸ್ನಾಯುವನ್ನು ದುರ್ಬಲಗೊಳಿಸಬಲ್ಲವು. ಕುತ್ತಿಗೆಯವರೆಗೆ ನೀರಿನಲ್ಲಿ ಮುಳುಗಿದೊಡನೆ ಕಾಲುಗಳಲ್ಲಿದ್ದ ಅರ್ಧ ಲೀಟರಿಗೂ ಹೆಚ್ಚು ರಕ್ತ ಎದೆಯ ಕಡೆಗೆ ಸರಿಯುತ್ತದೆ. ಸೋತ ಹೃದಯಕ್ಕೆ ಆ ಹೊರೆ ತಡೆಯದೆ ಶ್ವಾಸಕೋಶದಲ್ಲಿ ನೀರು ತುಂಬಿದ ಪ್ರಸಂಗಗಳಿವೆ. ಮಲಗಿಸಿ ಮಾಡುವ ಎಕೋ, ಅಂದರೆ ಹೃದಯದ ಸ್ಕ್ಯಾನ್, ಸರಿಯಾಗಿ ಬಂದರೆ ಸಾಲದು, ಟ್ರೆಡ್‌ಮಿಲ್ ಪರೀಕ್ಷೆಯೂ ಬೇಕು. ಸೆಳೆತದ ವಿರುದ್ಧ ಈಜಿ, ಅಲುಗಾಡುವ ದೋಣಿಯ ಏಣಿ ಹತ್ತುವುದು ಮೆಟ್ಟಿಲು ಹತ್ತಿದಷ್ಟು ಹಗುರವಲ್ಲ.

ಮುಂದಿನದನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧ ತೆಗೆದುಕೊಂಡವರಿಗೆ ಬೆರಳ ತುದಿ ಮತ್ತು ಅಂಗಾಲು ಜೋಮು ಹಿಡಿದಂತೆ ಇರುವುದುಂಟು. ಕಂಕುಳಿನ ಶಸ್ತ್ರಚಿಕಿತ್ಸೆಯಲ್ಲಿ ಅಲ್ಲಿಯ ಸಣ್ಣ ನರಕ್ಕೆ ಪೆಟ್ಟಾದರೆ ತೋಳಿನ ಮೇಲ್ಭಾಗದ ಒಳಬದಿಯಲ್ಲಿ ಒಂದು ಅಂಗೈಯಗಲ ಸ್ಪರ್ಶವೇ ತಿಳಿಯುವುದಿಲ್ಲ. ಕೆಲವರಿಗೆ ಕೊಡುವ ಲೆಟ್ರೊಜೋಲ್‌ನಂಥ ಹಾರ್ಮೋನ್ ಚಿಕಿತ್ಸೆಯ ಮಾತ್ರೆಗಳು ಕೀಲುನೋವು ತರುತ್ತವೆ. ಆಳದಿಂದ ಮೇಲೆ ಬರುವಾಗ ದೇಹದಲ್ಲಿ ಅನಿಲದ ಗುಳ್ಳೆಗಳೆದ್ದು ಬರುವ ಡಿಕಂಪ್ರೆಷನ್ ಕಾಯಿಲೆಯ ಲಕ್ಷಣಗಳೂ ಇವೇ: ಜೋಮು, ಕೀಲುನೋವು, ಸುಸ್ತು. ಡೈವ್ ಮುಗಿಸಿ ಬಂದ ಸಂಜೆ ಬೆರಳು ಜುಮುಗುಟ್ಟಿದರೆ ಅದು ಹಳೆಯದೋ ಹೊಸದೋ ಎಂದು ಹೇಳುವವರು ಯಾರು? ಹಾಗಾಗಿ ನೀರಿಗಿಳಿಯುವ ಮೊದಲೇ ನರರೋಗ ತಜ್ಞರಿಂದ ಪರೀಕ್ಷೆ ಮಾಡಿಸಿ, ಎಲ್ಲೆಲ್ಲಿ ಎಷ್ಟು ಜೋಮಿದೆ ಎಂಬುದನ್ನು ದೇಹದ ಚಿತ್ರದ ಮೇಲೆ ಗುರುತು ಹಾಕಿಸಿ, ದಿನಾಂಕದೊಂದಿಗೆ ಇಟ್ಟುಕೊಳ್ಳಿ. ಬೆರಳಿನ ಹಿಡಿತವನ್ನು ನೀವೇ ಮನೆಯಲ್ಲಿ ಪರೀಕ್ಷಿಸಬಹುದು: ಕಣ್ಣುಮುಚ್ಚಿ ಬಿಸಿಡಿ ಜಾಕೆಟ್ಟಿನ (ಗಾಳಿ ತುಂಬಿ ತೇಲುವಿಕೆಯನ್ನು ಹೊಂದಿಸುವ ಡೈವಿಂಗ್ ಜಾಕೆಟ್ಟಿನ) ಬಕಲ್ ಬಿಚ್ಚಿ ಹಾಕಿ ನೋಡಿ, ತೂಕದ ಬೆಲ್ಟಿನ ಕೊಂಡಿಯನ್ನು ಒಂದೇ ಕೈಯಲ್ಲಿ ಕಳಚಿ ನೋಡಿ. ಆಗದಿದ್ದರೆ ಇನ್ನೂ ಕಾಲ ಬಂದಿಲ್ಲ ಎಂದೇ ಅರ್ಥ.

ಟ್ಯಾಮಾಕ್ಸಿಫೆನ್ ಇದ್ದ ಮಾತ್ರಕ್ಕೆ ಡೈವಿಂಗ್ ನಿಷಿದ್ಧವಲ್ಲ, ಆದರೆ ಅದು ರಕ್ತ ಹೆಪ್ಪುಗಟ್ಟುವ ಸಂಭವವನ್ನು ಹೆಚ್ಚಿಸುತ್ತದೆ. ನೀವು ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಮುರ್ಡೇಶ್ವರಕ್ಕೆ ಬಂದು, ಅದೇ ಬೆಳಿಗ್ಗೆ ದೋಣಿ ಹತ್ತುವ ಯೋಚನೆಯಲ್ಲಿದ್ದರೆ ಅದನ್ನು ಬಿಟ್ಟುಬಿಡಿ. ಒಂದು ದಿನ ಮೊದಲೇ ಬಂದು ವಿಶ್ರಮಿಸಿ, ಚೆನ್ನಾಗಿ ನೀರು ಕುಡಿಯಿರಿ. ಮೀನಖಂಡ ಊದಿಕೊಂಡು ನೋಯುತ್ತಿದ್ದರೆ ಡೈವಿಂಗ್ ಬೇಡ, ವೈದ್ಯರಲ್ಲಿಗೆ ಹೋಗಿ.

ಗ್ರಂಥಿ ತೆಗೆದ ತೋಳಿನ ಬಾವು ಜೀವನಪರ್ಯಂತ ಕಾಯ್ದುಕೊಳ್ಳಬೇಕಾದ ವಿಷಯ. ನೀರಿನ ಒತ್ತಡ ಎಲ್ಲ ಕಡೆಯೂ ಸಮನಾಗಿ ಬೀಳುವುದರಿಂದ ಅದೇ ತೊಂದರೆ ಕೊಡುವುದಿಲ್ಲ. ತೊಂದರೆ ಬರುವುದು ಡೈವಿಂಗ್ ಉಡುಪಾದ ವೆಟ್‌ಸೂಟಿನ ಬಿಗಿಯಾದ ತೋಳಂಚಿನಿಂದ, ಭಾರ ಎತ್ತುವುದರಿಂದ, ಗೀರಿನಿಂದ. ಅಲ್ಯೂಮಿನಿಯಂ ಸಿಲಿಂಡರ್ ಹದಿನಾಲ್ಕು ಕಿಲೋಗಿಂತ ಹೆಚ್ಚು ತೂಗುತ್ತದೆ. ಅದನ್ನು ನೀರಿನಲ್ಲೇ ಧರಿಸಿ, ಹತ್ತುವಾಗ ನೀರಿನಲ್ಲೇ ಕಳಚಿ ದೋಣಿಯವರ ಕೈಗೆ ಕೊಡಿ. ಇದರಲ್ಲಿ ಸಂಕೋಚಕ್ಕೆ ಎಡೆಯೇ ಇಲ್ಲ. ಮುಂಭಾಗದಲ್ಲಿ ಜಿಪ್ ಇರುವ ವೆಟ್‌ಸೂಟ್ ಆದರೆ ಭುಜವನ್ನು ತಿರುಚಬೇಕಾಗುವುದಿಲ್ಲ. ಬಂಡೆಗೆ ತಾಗಿ ಆ ತೋಳಿಗೆ ಸಣ್ಣ ಗೀರಾದರೂ ಕೂಡಲೇ ತೊಳೆದು ಮುಲಾಮು ಹಚ್ಚಿ, ಕೆಂಪಾಗಿ ಬಿಸಿಯೇರಿದರೆ ಅದೇ ದಿನ ವೈದ್ಯರಿಗೆ ತೋರಿಸಿ.

ನಿಮಗೆ ಅನ್ವಯಿಸದಿದ್ದರೂ ಇದನ್ನು ಓದುವ ಇತರರಿಗಾಗಿ ಒಂದು ಮಾತು: ಸಿಲಿಕೋನ್ ಇಂಪ್ಲಾಂಟ್ ನೀರಿನೊಳಗೆ ಒಡೆಯುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. 1980ರ ದಶಕದಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಒತ್ತಡದ ಕೋಣೆಯಲ್ಲಿಟ್ಟು ಪರೀಕ್ಷಿಸಿದಾಗ ಸಾಮಾನ್ಯ ಡೈವ್‌ಗಳಿಗೆ ಅವು ಶೇ 1ರಿಂದ 4ರಷ್ಟು ಮಾತ್ರ ಉಬ್ಬಿದ್ದವು.

ಈಗ ಫಿಟ್‌ನೆಸ್ ಪತ್ರದ ವಿಷಯ. 2020ರಲ್ಲಿ ಪರಿಷ್ಕೃತವಾದ, ಬಹುತೇಕ ಕೇಂದ್ರಗಳು ಬಳಸುವ ಆರೋಗ್ಯ ಪ್ರಶ್ನಾವಳಿಯಲ್ಲಿ ಎದೆಯ ಶಸ್ತ್ರಚಿಕಿತ್ಸೆಯ ಬಗ್ಗೆ ನೇರ ಪ್ರಶ್ನೆಯಿದೆ; ‘ಹೌದು’ ಎಂದರೆ ವೈದ್ಯರ ಸಹಿ ಬೇಕಾಗುತ್ತದೆ. ‘ಇಲ್ಲ ಅಂತ ಹಾಕಿಬಿಡಿ, ಯಾರು ನೋಡುತ್ತಾರೆ’ ಎನ್ನುವವರು ಸಿಗುತ್ತಾರೆ, ಅವರ ಮಾತಿಗೆ ಕಿವಿಗೊಡಬೇಡಿ. ಸಹಿಗಾಗಿ ಹೈಪರ್‌ಬ್ಯಾರಿಕ್ ಆಕ್ಸಿಜನ್ ಚಿಕಿತ್ಸೆ, ಅಂದರೆ ಒತ್ತಡದ ಕೋಣೆಯಲ್ಲಿ ಆಕ್ಸಿಜನ್ ಕೊಡುವ ಚಿಕಿತ್ಸೆ, ನೀಡುವ ವೈದ್ಯರಲ್ಲಿ, ಅದರಲ್ಲೂ ನೌಕಾಪಡೆಯಲ್ಲಿ ಮೆರೈನ್ ಮೆಡಿಸಿನ್ ಕಲಿತು ನಿವೃತ್ತರಾದವರಲ್ಲಿ ವಿಚಾರಿಸಿ. ಡೈವಿಂಗ್ ಸುರಕ್ಷತೆಗಾಗಿ ಇರುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಗೆ ಬರೆದರೂ ಮಾರ್ಗದರ್ಶನ ಸಿಗುತ್ತದೆ. ಹೋಗುವಾಗ ಕೀಮೋ ಔಷಧಗಳ ಹೆಸರು ಮತ್ತು ಒಟ್ಟು ಪ್ರಮಾಣ, ರೇಡಿಯೇಷನ್ನಿನ ಪ್ರಮಾಣ (ಅದನ್ನು ‘ಗ್ರೇ’ ಎಂಬ ಮಾನದಲ್ಲಿ ಅಳೆಯುತ್ತಾರೆ), ಯಾವ ಯಾವ ಭಾಗಕ್ಕೆ ಕೊಟ್ಟರು ಎಂಬ ವಿವರಗಳಿರುವ ಸಾರಾಂಶವನ್ನು ಆಸ್ಪತ್ರೆಯಿಂದ ಪಡೆದು ಒಯ್ಯಿರಿ.

ಎಲ್ಲ ವರದಿಗಳೂ ಅನುಕೂಲವಾಗಿ ಬಂದರೆ ಮೊದಲು ಈಜುಕೊಳದಲ್ಲಿ ಇನ್ನೂರು ಮೀಟರ್ ನಿಲ್ಲದೆ ಈಜಿ, ಹತ್ತು ನಿಮಿಷ ತೇಲಿ ನೋಡಿ, ರಿಫ್ರೆಷರ್ ಪಾಠವನ್ನೂ ಅಲ್ಲೇ ಮುಗಿಸಿ. ನೇತ್ರಾಣಿ ದಡದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿದೆ, ಏನಾದರೂ ಆದರೆ ತಕ್ಷಣ ನೆರವು ಸಿಗುವ ಜಾಗವಲ್ಲ. ಆದ್ದರಿಂದ ಸಮುದ್ರ ಶಾಂತವಾಗಿರುವ ದಿನವನ್ನು ಆರಿಸಿಕೊಂಡು, ನಿಮ್ಮೊಬ್ಬರಿಗೇ ಒಬ್ಬ ಇನ್‌ಸ್ಟ್ರಕ್ಟರ್ ಇರುವಂತೆ ಮೊದಲೇ ಮಾತಾಡಿ, ಹತ್ತು ಮೀಟರಿನೊಳಗೇ ಇರಿ. ಸಿ.ಟಿ.ಯಲ್ಲಿ ಗಾಳಿ ಸಿಕ್ಕಿಹಾಕಿಕೊಳ್ಳುವಂಥ ಜಾಗಗಳು ಕಂಡರೆ ಸಿಲಿಂಡರಿನ ಮಾತನ್ನು ಅಲ್ಲಿಗೇ ಬಿಟ್ಟು, ವೈದ್ಯರ ಒಪ್ಪಿಗೆಯಿದ್ದರೆ ಮೇಲ್ಮೈಯಲ್ಲೇ ಸ್ನಾರ್ಕಲ್ ಹಾಕಿಕೊಂಡು ಈಜಿ.