ಕಿವಿ ಕೇಳಿಸದ ಮಗು ಭರತನಾಟ್ಯ ಕಲಿಯಬಹುದಾ? ಮುಂದೆ ಅದರಿಂದ ಜೀವನ ನಡೆಯುತ್ತಾ?

ನಿಮ್ಮ ಮಗಳಿಗೆ 7 ವರ್ಷ, ಎರಡೂ ಕಿವಿ ಕೇಳಿಸುವುದಿಲ್ಲ, ಟಿವಿಯಲ್ಲಿ ಡ್ಯಾನ್ಸ್ ಬಂದರೆ ಎದ್ದು ನಿಲ್ಲುತ್ತಾಳೆ ಅಂತ ಬರೆದಿದ್ದೀರಿ. ಕ್ಲಾಸಿಗೆ ಸೇರಿಸಿದರೆ ತಾಳ ಹೇಗೆ ಹಿಡಿಯುತ್ತಾಳೆ, ಮುಂದೆ ಅದು ಅನ್ನ ಕೊಡುತ್ತದಾ ಅನ್ನೋದು ನಿಮ್ಮ ಪ್ರಶ್ನೆ. ನನಗೆ 3 ವರ್ಷವಿದ್ದಾಗ ಮೆದುಳು ಜ್ವರ ಬಂದು ಕಿವಿ ಹೋಯಿತು. 9ಕ್ಕೆ ಭರತನಾಟ್ಯ ಶುರು ಮಾಡಿದೆ, ಈಗ 36. ಹಗಲು ಬೆಂಗಳೂರಿನ ಒಂದು ಆಫೀಸಿನಲ್ಲಿ ಡೇಟಾ ಎಂಟ್ರಿ, ಸಂಜೆ ಮತ್ತು ರಜಾ ದಿನ ಡ್ಯಾನ್ಸ್. ಕಿವುಡಿ ಅಂದರೆ ನನಗೇನೂ ಬೇಜಾರಿಲ್ಲ. 'ವಿಶೇಷ ಚೇತನ' ಅಂತ ಮೈಕಿನಲ್ಲಿ ಎಳೆದೆಳೆದು ಹೇಳುತ್ತಾರಲ್ಲ, ಅದೇ ಮುಜುಗರ.

ಮೊದಲು ಆ ಕಂಪನದ ಕಥೆ. 'ನೆಲದ ಕಂಪನದಿಂದ ಸಂಗೀತ ಕೇಳಿಸಿಕೊಳ್ಳುತ್ತೀರಂತೆ' ಅಂತ ಎಲ್ಲರೂ ಕಣ್ಣರಳಿಸುತ್ತಾರೆ. ಸ್ಕಾಟ್ಲೆಂಡಿನ ಎವೆಲಿನ್ ಗ್ಲೆನಿ ಅಂತ ತಾಳವಾದ್ಯ ಕಲಾವಿದೆ ಇದ್ದಾರೆ. 12ನೇ ವಯಸ್ಸಿಗೆ ಕಿವಿ ಪೂರ್ತಿ ಹೋದ ಹಾಗೆಯೇ. ಬರಿಗಾಲಲ್ಲಿ ನಿಂತು ನುಡಿಸುತ್ತಾರೆ, 2012ರ ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಲ್ಲೂ ನುಡಿಸಿದರು. ಅವರಿಗೆ ಅದು ನಿಜ. ಆದರೆ ನಾವು ಕಾಲಲ್ಲೇ ತಾಳ ಹೊಡೆಯುವವರು. ಮೃದಂಗದ ಪೆಟ್ಟು ಯಾವುದು, ನನ್ನ ಅಂಗಾಲಿನ ಪೆಟ್ಟು ಯಾವುದು ಅಂತ ಬೇರೆ ಮಾಡುವುದು ಹೇಗೆ? ಮರದ ಹಲಗೆಯ ಸ್ಟೇಜಾದರೆ ನಿಂತಿರುವಾಗ ಒಂಚೂರು ಸಿಗುತ್ತದೆ. ಗ್ರಾನೈಟ್ ಹಾಸಿದ ಕಲ್ಯಾಣ ಮಂಟಪದಲ್ಲಿ ಸೊನ್ನೆ.

ನಾವು ಎಣಿಸುತ್ತೇವೆ, ಅಷ್ಟೇ. ನಮ್ಮ ಪುಣ್ಯಕ್ಕೆ ನಮ್ಮ ತಾಳ ಕಣ್ಣಿಗೆ ಕಾಣುವ ಹಾಗೇ ಇದೆ. ಆದಿತಾಳ ಅಂದರೆ ಒಂದು ಪೆಟ್ಟು, ಮೂರು ಬೆರಳು, ಆಮೇಲೆ ಪೆಟ್ಟು, ಹುಸಿ (ಅಂಗೈ ಮೇಲೆ ತಿರುಗಿಸುವುದು), ಪೆಟ್ಟು, ಹುಸಿ. ಒಟ್ಟು 8. ಗುರುಗಳು ತಟ್ಟುಕಳಿ, ಅಂದರೆ ತಾಳಕ್ಕೆ ಕೋಲಿನಿಂದ ಬಡಿಯುವ ಮರದ ತುಂಡು, ಹೊಡೆಯುವಾಗ ನಾನು ಕೋಲು ನೋಡುತ್ತಿದ್ದೆ. ಆಮೇಲೆ ಅವರ ತುಟಿ. ಇಲ್ಲೊಂದು ಮಜಾ ಇದೆ. ಕನ್ನಡಿ ಮುಂದೆ ನಿಂತು 'ತಕದಿಮಿ' ಅಂತ ಹೇಳಿ ನೋಡಿ. ತ, ಕ, ದಿ ಮೂರೂ ಬಾಯೊಳಗೇ ಮುಗಿದುಹೋಗುತ್ತವೆ, 'ಮಿ'ಗೆ ಮಾತ್ರ ತುಟಿ ಮುಚ್ಚುತ್ತದೆ. ಅಂದರೆ ನಾಲ್ಕಕ್ಕೊಂದು ಸಲ ನನಗೆ ಬಾಗಿಲು ಬಡಿದ ಹಾಗೆ. 'ತಕಿಟ'ದಲ್ಲಿ ಅದೂ ಇಲ್ಲ, ತುಟಿ ಒಂದು ಸಲವೂ ಸೇರುವುದಿಲ್ಲ. ತಿಶ್ರ ನಡೆ, ಅಂದರೆ ಮೂರು ಮೂರರ ಎಣಿಕೆ, ಕಲಿಯಲು ನನಗೆ ಒಂದೂವರೆ ವರ್ಷ ಹಿಡಿದದ್ದು ಅದಕ್ಕೇ. ಕೊನೆಗೆ ಗುರುಗಳು ನನ್ನ ಭುಜದ ಮೇಲೆ ಬೆರಳಲ್ಲಿ ತಟ್ಟಿ ಕಲಿಸಿದರು.

(ತುಟಿ ಓದುವುದನ್ನು ಜಾಸ್ತಿ ನಂಬಬೇಡಿ. ಮ, ಬ, ಪ ಮೂರೂ ಒಂದೇ ಥರ ಕಾಣುತ್ತವೆ. ಗ್ರೀನ್ ರೂಮಲ್ಲಿ ಒಬ್ಬರು 'ಬಳೆ' ಅಂದರೆ ನಾನು ಕಿಟಕಿ ಹತ್ತಿರ ಹೋಗಿ ಮಳೆ ನೋಡಿ ಬಂದಿದ್ದೇನೆ.)

ಸ್ಟೇಜಿನ ಮೇಲೆ ಬೇರೆ ಕಷ್ಟ. ಹಾಡುವವರು, ತಾಳ ಹಾಕಿ ಕುಣಿಸುವ ನಟ್ಟುವಾಂಗದವರು ಪಕ್ಕದಲ್ಲಿ ಕೂತಿರುತ್ತಾರೆ, ನಾನು ಜನರ ಕಡೆ ನೋಡಬೇಕು. ಅದಕ್ಕೆ ಮೊದಲ ಸಾಲಿನಲ್ಲಿ ನಮ್ಮಕ್ಕ ಕೂತು ಮಡಿಲಲ್ಲಿ ಕೈಯಿಟ್ಟು ತಾಳ ಹಾಕುತ್ತಾಳೆ. ಚೀನಾದ 21 ಕಿವುಡ ಕಲಾವಿದರು ಒಬ್ಬರ ಹಿಂದೊಬ್ಬರು ನಿಂತು ಸಾವಿರ ಕೈಯ ದೇವಿಯಾಗುವ ನೃತ್ಯದ ವಿಡಿಯೋ ನೀವು ನೋಡಿರಬಹುದು, 2005ರಲ್ಲಿ ಅಲ್ಲಿನ ಹೊಸ ವರ್ಷದ ಟಿವಿ ಕಾರ್ಯಕ್ರಮದಲ್ಲಿ ಬಂದಿತ್ತು. ಅವರಿಗೂ ಸ್ಟೇಜಿನ ಮೂಲೆಗಳಲ್ಲಿ ನಿಂತು ಕೈಸನ್ನೆಯಲ್ಲಿ ಲಯ ಕೊಡುವವರಿರುತ್ತಾರೆ. ಪವಾಡ ಏನಿಲ್ಲ, ಅಕ್ಕಂದಿರು ಬೇಕು.

ಹಿಯರಿಂಗ್ ಏಡ್ ಹಾಕಿಕೊಂಡೇ ಕುಣಿಯಲಿ ಅಂತ ಹಠ ಹಿಡಿಯಬೇಡಿ. ಬೆವರಿಗೆ ಕೆಡುತ್ತದೆ. ಜುಮುಕಿಯಿಂದ ಕೂದಲಿಗೆ ಸಿಕ್ಕಿಸುವ ಮಾಟಿ ಅದರ ಮೇಲೇ ಕೂತು ಏಡ್ ಜಾಗ ಬಿಟ್ಟರೆ ಕುಯ್ಯ್ ಅಂತ ಶಿಳ್ಳೆ ಹೊಡೆಯುತ್ತದೆ. ಇಡೀ ಹಾಲಿಗೆ ಕೇಳಿಸುತ್ತದೆ, ನನ್ನೊಬ್ಬಳಿಗೆ ಬಿಟ್ಟು.

ಇನ್ನು 'ಮುದ್ರೆ ಅಂದರೆ ಸೈನ್ ಲಾಂಗ್ವೇಜೇ ಅಲ್ವಾ, ನಿಮಗೆ ಸುಲಭ' ಅನ್ನುವವರು. ಅಲ್ಲ. ಬೆರಳು ಜೋಡಿಸಿ ಚಾಚುವ ಪತಾಕ ಹಸ್ತ ಒಂದೇ ಮೋಡವೂ ಆಗುತ್ತದೆ, ಕಾಡೂ ಆಗುತ್ತದೆ, ಬೇಡ ಅನ್ನುವುದೂ ಆಗುತ್ತದೆ. ಸನ್ನೆ ಭಾಷೆಗೆ ಅದರದ್ದೇ ವ್ಯಾಕರಣ ಇದೆ, ಅರ್ಧ ವ್ಯಾಕರಣ ಮುಖದಲ್ಲೇ. ಹುಬ್ಬು ಏರಿಸಿದರೆ ಅದು ಪ್ರಶ್ನೆ. ನನ್ನ ಕಿವುಡ ಗೆಳತಿ ಒಂದು ಸಲ ನನ್ನ ಯಶೋದೆ ನೋಡಿ, 'ಅವಳು ಯಾಕೆ ಎಲ್ಲವನ್ನೂ ಪ್ರಶ್ನೆ ಕೇಳುತ್ತಿದ್ದಳು?' ಅಂದಳು. ಮಗಳಿಗೆ ಸನ್ನೆ ಭಾಷೆ ಬೇರೆಯಾಗಿಯೇ ಕಲಿಸಿ, ನೀವೂ ಕಲಿಯಿರಿ. ದೆಹಲಿಯ ಭಾರತೀಯ ಸಂಕೇತ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ನಿಘಂಟು 2021ರಲ್ಲೇ 10,000 ಪದ ಮುಟ್ಟಿದೆ, ಎಲ್ಲ ವಿಡಿಯೋದಲ್ಲಿ ಸಿಗುತ್ತದೆ.

ದುಡ್ಡಿನ ಮಾತು. ಇದೊಂದನ್ನೇ ನಂಬಿ ಬದುಕುವುದು ಕಷ್ಟ, ಕಿವಿ ಕೇಳುವ ನರ್ತಕಿಯರಿಗೂ ಕಷ್ಟವೇ. ಸೆಪ್ಟೆಂಬರ್ ಕೊನೆಯ ಕಿವುಡರ ವಾರಕ್ಕೆ, ಡಿಸೆಂಬರ್ 3ರ ಅಂಗವಿಕಲರ ದಿನಕ್ಕೆ ಮೆಸೇಜು ಮೇಲೆ ಮೆಸೇಜು. ಉಳಿದ ತಿಂಗಳು ಯಾರಿಗೂ ನೆನಪಿಲ್ಲ. ಸಂಭಾವನೆ ಕೇಳಿದರೆ 'ನಿಮಗೆ ವೇದಿಕೆ ಕೊಡ್ತಿದೀವಲ್ಲ' ಅನ್ನುತ್ತಾರೆ. ನಮ್ಮ ಮನೆ ಅಟ್ಟದ ಮೇಲೆ 11 ಮೈಸೂರು ಪೇಟ ಇವೆ. ಆಟೋದವರು ಪೇಟ ತಗೊಳ್ಳಲ್ಲ. ಈಗ ಮೊದಲೇ ಮೊತ್ತ ಬರೆಸಿಕೊಳ್ಳುತ್ತೇನೆ, ಅಕ್ಕನ ಓಡಾಟದ ಖರ್ಚೂ ಸೇರಿಸಿ.

ಕ್ಲಾಸು ನೋಡುವಾಗ ಗುರು ಕಿಟಕಿಗೆ ಬೆನ್ನು ಹಾಕಿ ಕೂರುತ್ತಾರಾ ಗಮನಿಸಿ. ಹಾಗೆ ಕೂತರೆ ಮುಖ ಕಪ್ಪಾಗಿ ತುಟಿ ಕಾಣುವುದಿಲ್ಲ. ಅದಕ್ಕಿಂತ ಮುಖ್ಯ, ಅವರು ಮಗಳನ್ನು ಬೈಯುತ್ತಾರಾ ನೋಡಿ. ಯಾಕೆ ಅಂತ ಹೇಳುತ್ತೇನೆ.

ಕೆಲವು ವರ್ಷದ ಹಿಂದೆ ಒಂದು ತಾಲೂಕು ಊರಲ್ಲಿ ಕಾರ್ಯಕ್ರಮ. ಪೆನ್‌ಡ್ರೈವ್‌ನಲ್ಲಿ 7 ನಿಮಿಷದ ದೇವರನಾಮ. ಎರಡು ನಿಮಿಷ ಆಗಿತ್ತೋ ಏನೋ, ಮುಖ್ಯ ಅತಿಥಿ ಬಂದರು. ಅವರನ್ನು ಕೂರಿಸಲು ಮೊದಲ ಸಾಲಿಂದ ಅಕ್ಕನನ್ನೇ ಎಬ್ಬಿಸಿಬಿಟ್ಟರು. ಆಪರೇಟರ್ ಹಾಡು ನಿಲ್ಲಿಸಿದ್ದಾನೆ, ಸ್ವಾಗತ ಆದ ಮೇಲೆ ಮತ್ತೆ ಮೊದಲಿಂದ ಹಾಕಿದ್ದಾನೆ. ನನಗೇನು ಗೊತ್ತು? ಎಣಿಸುತ್ತಾ ಹೋದೆ. ಮುಗಿಸಿ ಕೈಮುಗಿದರೆ ಹಿಂದೆ ನಿಂತಿದ್ದ ಅಕ್ಕನ ಮುಖ ಬಿಳಿಚಿಕೊಂಡಿದೆ. ಹಾಡು ಇನ್ನೂ ಓಡುತ್ತಲೇ ಇತ್ತಂತೆ. ಜನ ಎದ್ದು ನಿಂತು ಚಪ್ಪಾಳೆ. ಅತಿಥಿಗಳು ಮೈಕು ಹಿಡಿದು, 'ಕಿವಿ ಕೇಳದಿದ್ದರೂ ತಾಳ ಒಂಚೂರೂ ತಪ್ಪಲಿಲ್ಲ' ಅಂದರು. ಅಕ್ಕ ಅದನ್ನು ನನಗೆ ಸನ್ನೆಯಲ್ಲಿ ಹೇಳುವಾಗ ನನ್ನನ್ನು ನೋಡಲೇ ಇಲ್ಲ. ಇನ್ನೊಂದು ಪೇಟ ಬಂತು.

ಗುರುಗಳು ನಾಲ್ಕನೇ ಸಾಲಲ್ಲಿದ್ದರು. ಇಳಿದು ಬಂದ ಮೇಲೆ ಆಮಂತ್ರಣ ಪತ್ರಿಕೆಯ ಹಿಂದೆ ಬರೆದು ಕೈಗಿಟ್ಟರು: 'ಹಾಡಿನದ್ದು ನಿನ್ನ ತಪ್ಪಲ್ಲ. ಅಕ್ಕ ಎದ್ದಮೇಲೆ ಹೆದರಿ, ದುಪ್ಪಟ್ಟು ವೇಗದ ಎರಡನೇ ಕಾಲವನ್ನು ಇನ್ನೂ ಓಡಿಸಿದೆ. ಮಂಡಿ ಮಡಿಸಿ ಅರೆಮಂಡಿ ಕೂರಲೇ ಇಲ್ಲ. ನಾಳೆ ಬೆಳಿಗ್ಗೆ 6ಕ್ಕೆ ಬಾ.'